ಗಿಡದ ಬುಡಕ್ಕೆ ಹರಳಿನ ಹೊದಿಕೆ

(ಬೆಳ್ಳಿಹಬ್ಬದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರು ಮಾಡಿದ ಭಾಷಣ)



ಸಹಕಾರದ ಬೀಜ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಬಿತ್ತಿದ್ದು. ಅದೇ ಸೀಮೆಯ ರೈತರಾದ ನಾವು ಇಂದು ನಮ್ಮ ಸಂಘದ ಬೆಳ್ಳಿಹಬ್ಬ ಮಾಡುತ್ತಿದ್ದೇವೆ. ಈ ಸಂತೋಷದ ದಿನ ನಮಗೆ ವಹಿಸಿದ ವಿಷಯ, ತೋಟದಲ್ಲಿ ಹರಳಿನ ಹೊದಿಕೆ.

ಇದು ಹೊಸದೇನಲ್ಲ. ಗದಗ, ಕೊಪ್ಪಳ ಭಾಗದ ಎರೆಹೊಲಗಳಿಗೆ ಹಳ್ಳದ ಹರಳುಸುಕು ಹೇರುವುದು ಹಿರಿಯರ ಕಾಲದಿಂದ ಬಂದದ್ದು. ಚೀನಾ ದೇಶದ ಗಾನ್ಸು ಪ್ರಾಂತದ ರೈತರೂ ನೂರಾರು ವರ್ಷಗಳಿಂದ ಹೊಲಕ್ಕೆ ಹರಳು ಹಾಸಿ ಕಲ್ಲಂಗಡಿ ಬೆಳೆಯುತ್ತ ಬಂದಿದ್ದಾರೆ.

ಇದರ ಮರ್ಮ ಸರಳ. ಬರೀ ಎರೆ ಮೇಲೆ ಮಳೆ ಹೊಡೆದರೆ ಮಣ್ಣು ಹೆಪ್ಪುಗಟ್ಟಿ ನೀರು ಹರಿದು ಹೋಗುತ್ತದೆ. ಹರಳು ಇದ್ದರೆ ಹನಿಯ ಪೆಟ್ಟು ಕಲ್ಲಿಗೆ. ನೀರು ಸಂದಿಯಲ್ಲಿ ಇಳಿದು ಇಂಗುತ್ತದೆ. ಬಿಸಿಲು ಬಿದ್ದಾಗ ಒಳಗಿನ ತೇವ ಬತ್ತಿಗೆ ಎಣ್ಣೆ ಏರಿದಂತೆ ಮೇಲೇರಿ ಆರುತ್ತದೆ. ಹರಳು ಅದನ್ನು ತಡೆಯುತ್ತದೆ. ಕಣಿಕೆ, ಹೊಟ್ಟು ಹಾಸುವುದೂ ಒಳ್ಳೆಯದೇ. ಆದರೆ ಅದು ದನಕ್ಕೇ ಸಾಲದು, ಹಾಸಿದ್ದನ್ನು ಗೆದ್ದಲು ಬಿಡುವುದಿಲ್ಲ. ಹರಳನ್ನು ಗೆದ್ದಲು ತಿನ್ನದು, ಗಾಳಿ ಒಯ್ಯದು.

ಹೊಲಕ್ಕೆ ಉಸುಕು ಹೇರಲು ಸಂಘದಿಂದ ಸಾಲ ಕೊಡಿರಿ ಎಂದು ಕೆಲವು ಸದಸ್ಯರು ಕೇಳುತ್ತಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಲೆಕ್ಕ ನೋಡೋಣ. ಒಂದು ಎಕರೆಗೆ ನಾಲ್ಕು ಇಂಚು ಹಾಸಲು ಸುಮಾರು 14,500 ಘನ ಅಡಿ, ಅಂದರೆ 145 ಬ್ರಾಸ್ ಬೇಕು. ಹತ್ತು ಜನ ಎರಡೆರಡು ಎಕರೆಗೆ ಹೇರಿದರೆ 2,900 ಬ್ರಾಸ್. ಇಷ್ಟು ತೆಗೆದರೆ ನಮ್ಮ ಹಳ್ಳದಲ್ಲಿ ಏನು ಉಳಿದೀತು? ಹಳ್ಳದ ಉಸುಕೇ ನೀರು ಹಿಡಿದು ದಂಡೆಯ ಬಾವಿಗಳಿಗೆ ಕೊಡುವುದು. ಒಬ್ಬರ ಹೊಲ ತಂಪಾಗಿ ಹತ್ತು ಮನೆಯ ಬಾವಿ ಬತ್ತಿದರೆ ಅದು ಸಹಕಾರವಲ್ಲ. ಪರವಾನಗಿ ಇಲ್ಲದೆ ಉಸುಕು ತೆಗೆಯುವುದು ಕಾನೂನಿಗೂ ವಿರುದ್ಧ.

ಅದೇ ಒಂದು ಎಕರೆ ಲಿಂಬೆ ತೋಟ ತಗೊಳ್ಳಿ. ನೂರು ಗಿಡ. ಬುಡದ ಸುತ್ತ ಮೂರಡಿ, ಎರಡು ಇಂಚು ದಪ್ಪ ಹಾಸಿದರೆ ಗಿಡಕ್ಕೆ ಐದು ಘನ ಅಡಿಯೊಳಗೆ ಆಯಿತು. ಎಲ್ಲಾ ಸೇರಿ ಐದೇ ಬ್ರಾಸ್! ಇದಕ್ಕೆ ಹಳ್ಳಕ್ಕೆ ಕೈ ಹಚ್ಚುವುದೇ ಬೇಡ. ಹೊಲದಲ್ಲಿ ಆರಿಸಿ ಬದುವಿಗೆ ಹಾಕಿದ ಹರಳು, ಸೋಸಿದ ಗರಸು, ಇಲ್ಲವೆ ಅರ್ಧ ಇಂಚಿನ ಜಲ್ಲಿ ಸಾಕು.

ಹಾಸುವಾಗ ಇಷ್ಟು ನೆನಪಿರಲಿ. ಕರಿಕೆ, ಜೇಕು ಬೇರುಸಹಿತ ತೆಗೆಯಿರಿ, ಇಲ್ಲದಿದ್ದರೆ ಕಲ್ಲಿನ ನಡುವೆಯೇ ಏಳುತ್ತವೆ. ಮೊದಲು ತಿಪ್ಪೆಗೊಬ್ಬರ ಕೊಟ್ಟು, ನೀರುಣಿಸಿ, ಮೇಲೆ ಹರಳು ಹಾಕಿರಿ. ಕಾಂಡದಿಂದ ಒಂದು ಗೇಣು ಬಿಡಿರಿ. ಬೇಸಿಗೆಯಲ್ಲಿ ಕಲ್ಲು ಕಾಯುತ್ತದೆ, ಎಳೆ ತೊಗಟೆ ಸುಟ್ಟೀತು. ಸುಣ್ಣದ ಕಲ್ಲು ಬೇಡವೇ ಬೇಡ. ಎರೆಯಲ್ಲಿ ಮೊದಲೇ ಸುಣ್ಣ ಹೆಚ್ಚು, ಲಿಂಬೆ ಎಲೆ ಹಳದಿಯಾಗುತ್ತದೆ. ಕ್ರಷರ್ ಪುಡಿಯೂ ಬೇಡ, ಸಂದಿ ಮುಚ್ಚಿ ಗಟ್ಟಿಯಾಗುತ್ತದೆ. ಪ್ರತಿ ಹಂಗಾಮಿಗೆ ಅಗೆಯುವ ಕಾಯಿಪಲ್ಲೆ ಮಡಿಗೆ ಇದು ಹೊಂದುವುದಿಲ್ಲ. ಅಗೆದರೆ ಕಲ್ಲು ಮಣ್ಣು ಕೂಡಿ ಎರಡೂ ಕೆಟ್ಟವು. ಇನ್ನೊಂದು ಮಾತು: ಕಲ್ಲು ತೇವ ಉಳಿಸೀತೇ ಹೊರತು ಗೊಬ್ಬರ ಆಗದು. ವರ್ಷಕ್ಕೊಮ್ಮೆ ಹರಳು ಸರಿಸಿ ಗೊಬ್ಬರ ಕೊಟ್ಟು ಮತ್ತೆ ಮುಚ್ಚಬೇಕು.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಸಂಘದ ಸಾಲ ತೋಟದ ಗಿಡಗಳ ಹೊದಿಕೆಗೆ ಇರಲಿ, ಹಳ್ಳ ಖಾಲಿ ಮಾಡುವುದಕ್ಕೆ ಬೇಡ. ಬರುವ ಸಾಮಾನ್ಯ ಸಭೆಯಲ್ಲಿ ಇದನ್ನು ಎಲ್ಲರೂ ಕೂಡಿ ಠರಾವು ಮಾಡೋಣ. ಹಳ್ಳ ಉಳಿದರೆ ಬಾವಿ, ಬಾವಿ ಉಳಿದರೆ ಊರು.



ಜೈ ಸಹಕಾರ, ಜೈ ಕರ್ನಾಟಕ.