ಸಹಿ ಮಾಡುವ ಮುಂಚೆ, ಸೊಸೆಯಂದಿರೇ

ಸಹಕಾರನಗರ, ಯಲಹಂಕ ನ್ಯೂಟೌನ್, ಆರ್.ಟಿ. ನಗರ, ಯಾವ ಬೀದಿಗೆ ಹೋದರೂ ಅಮೆರಿಕದಲ್ಲಿ ಮಗನೋ ಸೊಸೆಯೋ ಇರುವ ಒಂದು ಮನೆ ಸಿಗುತ್ತೆ. ನನ್ನ ಜೊತೆ ಇಂಜಿನಿಯರಿಂಗ್ ಓದಿದವರಲ್ಲೂ ಎಷ್ಟೋ ಜನ ಅಲ್ಲಿದ್ದಾರೆ. ಏಪ್ರಿಲ್ 15ರ ಗಡುವು ಹತ್ತಿರ ಬಂದರೆ ಅವರದ್ದು ಒಂದೇ ಮಾತು: ಮದುವೆ ಆಯ್ತಲ್ಲ, ಇಬ್ಬರದ್ದೂ ಸೇರಿಸಿ ಫೈಲ್ ಮಾಡಿದ್ರೆ ಟ್ಯಾಕ್ಸ್ ಉಳಿಯುತ್ತಂತೆ!

ಉಳಿಯುತ್ತೆ, ನಿಜ. 2024ರ ಲೆಕ್ಕದಲ್ಲಿ ಒಬ್ಬರಿಗೆ 14,600 ಡಾಲರ್ ಕಳೆಯಬಹುದಾದರೆ ಜಂಟಿಯಾಗಿ 29,200. ಆದರೆ ಯಾರಿಗೆ ಉಳಿಯುತ್ತೆ ಅನ್ನೋದು ಪ್ರಶ್ನೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಹುಡುಗ ಎಚ್‌-1ಬಿ ವೀಸಾದಲ್ಲಿ ಡಲ್ಲಾಸ್‌ನಲ್ಲಿ ನಾಲ್ಕು ವರ್ಷದಿಂದ ಇದ್ದಾನೆ. ಹುಡುಗಿ ಸೆಪ್ಟೆಂಬರ್‌ವರೆಗೂ ಮಾನ್ಯತಾ ಟೆಕ್‌ ಪಾರ್ಕ್‌ನಲ್ಲಿ ದುಡಿದು, ಮದುವೆಯಾಗಿ, ಅಕ್ಟೋಬರ್‌ನಲ್ಲಿ ಎಚ್‌-4 ವೀಸಾದಲ್ಲಿ ವಿಮಾನ ಹತ್ತಿದಳು. ಟ್ಯಾಕ್ಸ್ ಕಾನೂನಿನ ಕಣ್ಣಲ್ಲಿ ಅವನು ಅಲ್ಲಿಯ ನಿವಾಸಿ. ಅವಳಲ್ಲ, ಅಷ್ಟು ದಿನ ಅಲ್ಲಿ ಕಳೆದಿಲ್ಲ. ಮದುವೆಯಾದ ಮೇಲೆ ಅವನು 'ಸಿಂಗಲ್' ಅಂತ ಟಿಕ್ ಮಾಡೋ ಹಾಗಿಲ್ಲ. ಇಬ್ಬರೂ ಒಪ್ಪಿ, ಅವಳನ್ನೂ ಇಡೀ ವರ್ಷಕ್ಕೆ ನಿವಾಸಿ ಅಂತ ಪರಿಗಣಿಸಿ ಎಂದು ಬರೆದುಕೊಟ್ಟರೆ ಜಂಟಿಯಾಗಿ ಫೈಲ್ ಮಾಡಬಹುದು. ಅವಳಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಡಬ್ಲ್ಯು-7 ಅರ್ಜಿ ಹಾಕಿ ಐಟಿಐಎನ್ ತಗೋಬೇಕು.

ಬರೆದುಕೊಟ್ಟಿರೋ, ಜನವರಿಯಿಂದ ಸೆಪ್ಟೆಂಬರ್‌ವರೆಗಿನ ಮಾನ್ಯತಾ ಸಂಬಳ, ಅವಳ ಹೆಸರಿನ ಎಫ್‌.ಡಿ. ಬಡ್ಡಿ, ಯಶವಂತಪುರದ ಫ್ಲ್ಯಾಟ್ ಬಾಡಿಗೆ, ಎಲ್ಲವೂ ಅಮೆರಿಕದ ರಿಟರ್ನ್‌ನಲ್ಲಿ ಬರಬೇಕು. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಸಿಗುತ್ತೆ, ಸರಿ. ಆದರೂ ಎರಡೂ ರೀತಿ ಲೆಕ್ಕ ಹಾಕಿ ನೋಡದೆ ಟಿಕ್ ಮಾಡಬಾರದು. ನಮ್ಮಲ್ಲಿ ಗಂಡನ ಪ್ಯಾನ್ ಬೇರೆ, ಹೆಂಡತಿಯ ಪ್ಯಾನ್ ಬೇರೆ, ರಿಟರ್ನ್ ಬೇರೆ. ಆ ಅಭ್ಯಾಸದಲ್ಲೇ 'ಅದು ಅವಳ ದುಡ್ಡು ಬಿಡಿ' ಅಂತ ಬಿಟ್ಟವರು ಸಿಕ್ಕಿಹಾಕಿಕೊಳ್ಳುತ್ತಾರೆ.

ಸ್ಟೂಡೆಂಟ್‌ಗಳ ಕಥೆಯೇ ಬೇರೆ. ಎಫ್‌-1ನಲ್ಲಿ ಹೋದವರು ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅನಿವಾಸಿಗಳು. ಗಂಡ ಹೆಂಡತಿ ಇಬ್ಬರೂ ಸ್ಟೂಡೆಂಟ್ ಆದರೆ ಜಂಟಿ ಅನ್ನೋದೇ ಇಲ್ಲ, ತಲೆಗೊಂದು 1040-ಎನ್‌ಆರ್. ಗೆಳೆಯ ಹೇಳಿದ ಅಂತ ಆ್ಯಪ್‌ನಲ್ಲಿ ಮಾಮೂಲಿ 1040 ತುಂಬಿಬಿಟ್ಟರೆ ಆಮೇಲೆ ತಿದ್ದುಪಡಿ ಕಷ್ಟ. ಒಂದು ಸಮಾಧಾನವಿದೆ: 1989ರ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯಿಂದ ನಮ್ಮ ವಿದ್ಯಾರ್ಥಿಗಳಿಗೆ ಆ ಕಡಿತ (2024ರ ಲೆಕ್ಕದಲ್ಲಿ 14,600 ಡಾಲರ್) ಸಿಗುತ್ತೆ. ಬೇರೆ ದೇಶಗಳ ಬಹುತೇಕ ಅನಿವಾಸಿ ವಿದ್ಯಾರ್ಥಿಗಳಿಗೆ ಅದಿಲ್ಲ.

ಇನ್ನು ನನಗೆ ನಿಜಕ್ಕೂ ಕಳವಳ ಇರೋದು ಸಹಿಯ ಬಗ್ಗೆ. ಜಂಟಿ ರಿಟರ್ನ್‌ಗೆ ಸಹಿ ಹಾಕಿದ ಮೇಲೆ ಗಂಡ ಏನು ಮುಚ್ಚಿಟ್ಟಿದ್ದರೂ ಪೂರ್ತಿ ಬಾಕಿಗೆ ಹೆಂಡತಿಯೂ ಹೊಣೆ. ನಾಳೆ ಡೈವೋರ್ಸ್ ಆದರೂ ಅದು ತಾನಾಗಿ ಕಳಚಿಕೊಳ್ಳೋದಿಲ್ಲ. ವಿನಾಯಿತಿ ಕೇಳೋಕೆ ದಾರಿ ಇದೆ, ಆದರೆ ಗೊತ್ತಿರಲಿಲ್ಲ ಅನ್ನೋದನ್ನು ಅವಳೇ ಸಾಬೀತು ಮಾಡಬೇಕು. 'ಇಲ್ಲಿ ಸೈನ್ ಮಾಡು' ಅಂದ ತಕ್ಷಣ ಮಾಡಬೇಡಿ ತಾಯಂದಿರೇ. ಓದಿ, ಒಂದು ಕಾಪಿ ಇಟ್ಟುಕೊಳ್ಳಿ.

ಊರಲ್ಲಿರುವ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗನ ಹೆಸರು ಸೇರಿಸಿ ಮಾಡಿಸಿದ ಎಫ್‌.ಡಿ. ಇದೆಯಲ್ಲ, ಅವನ ವಿದೇಶಿ ಖಾತೆಗಳ ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅವನು ಅಲ್ಲಿ ಎಫ್‌ಬಿಎಆರ್ ಎಂಬ ಪ್ರತ್ಯೇಕ ವರದಿ ಕೊಡಬೇಕು. ಹಾಗಾಗಿ ಬಡ್ಡಿ ಎಷ್ಟು ಬಂತು ಅಂತ ಫೋನ್ ಮಾಡಿ ಕೇಳಿದರೆ, ದುಡ್ಡಿನ ಮೇಲೆ ಕಣ್ಣು ಹಾಕಿದ ಅಂತ ಬೇಜಾರಾಗಬೇಡಿ. ಬ್ಯಾಂಕಿನವರು ಕೊಡೋದು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಸರ್ಟಿಫಿಕೇಟ್. ಅವನಿಗೆ ಬೇಕಾಗಿರೋದು ಜನವರಿಯಿಂದ ಡಿಸೆಂಬರ್ ಲೆಕ್ಕ, ಅದನ್ನೇ ಕೇಳಿ ತಗೊಳ್ಳಿ.