ಸಭಾಪಾಲಕರ ಭಾರ ಯಾರ ಹೆಗಲಿಗೆ?



ಲಾಂಗ್ ಐಲ್ಯಾಂಡಿನ ಜೆರಿಕೋದಲ್ಲಿ 1788ರಲ್ಲಿ ಕಟ್ಟಿದ ಕ್ವೇಕರ್ ಪ್ರಾರ್ಥನಾಗೃಹ ಇಂದಿಗೂ ಉಳಿದಿದೆ. ಆ ಪರಂಪರೆಯ ಪ್ರಾರ್ಥನೆಯಲ್ಲಿ ಸಂಬಳದ ಪಾದ್ರಿಯಿಲ್ಲ. ಸೇರಿದವರು ಮೌನವಾಗಿ ಕೂರುತ್ತಾರೆ. ಅಂತಃಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡಿ ಕುಳಿತುಕೊಳ್ಳುತ್ತಾರೆ. 1811ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಪ್ರಕಟಿಸಿದ ಎಲಿಯಾಸ್ ಹಿಕ್ಸ್ ಇದೇ ಊರಿನ ರೈತ. ಬೋಧಿಸುವುದು ಅವರ ಜೀವನೋಪಾಯವಾಗಿರಲಿಲ್ಲ.

ಇಂದಿನ ಬಹುಪಾಲು ಚರ್ಚುಗಳ ವ್ಯವಸ್ಥೆ ಇದಕ್ಕೆ ತದ್ವಿರುದ್ಧ. ಉಪದೇಶ, ಮದುವೆ, ಮಣ್ಣು, ಆಸ್ಪತ್ರೆಯ ಭೇಟಿ, ಗಂಡ-ಹೆಂಡಿರ ಜಗಳ, ಕಟ್ಟಡದ ಸಾಲ, ಎಲ್ಲವೂ ಒಬ್ಬರ ಹೆಗಲಿಗೆ. ಅದರ ಜೊತೆಗೆ ಸಭೆಯೂ ಕರಗುತ್ತಿದೆ. ಗ್ಯಾಲಪ್ ಸಮೀಕ್ಷೆಯಂತೆ 1999ರಲ್ಲಿ ಅಮೆರಿಕನ್ನರಲ್ಲಿ ನೂರಕ್ಕೆ 70 ಮಂದಿ ಯಾವುದಾದರೊಂದು ಪ್ರಾರ್ಥನಾಲಯದ ಸದಸ್ಯರಾಗಿದ್ದರು, 2020ರಲ್ಲಿ 47. ಬಾರ್ನಾ ಸಂಸ್ಥೆ 2022ರ ಮಾರ್ಚಿನಲ್ಲಿ ಪ್ರಾಟೆಸ್ಟಂಟ್ ಸಭಾಪಾಲಕರನ್ನು ಕೇಳಿದಾಗ, ಹಿಂದಿನ ಒಂದು ವರ್ಷದಲ್ಲಿ ಈ ಸೇವೆಯನ್ನೇ ಬಿಡಬೇಕೆಂದು ಗಂಭೀರವಾಗಿ ಯೋಚಿಸಿದ್ದಾಗಿ ನೂರಕ್ಕೆ 42 ಮಂದಿ ಹೇಳಿದರು. ಅವರು ಕೊಟ್ಟ ಕಾರಣಗಳಲ್ಲಿ ಕೆಲಸದ ಒತ್ತಡ ಮೊದಲನೆಯದು. ಒಂಟಿತನವೂ ಅದರ ಬೆನ್ನಿಗೇ ಇತ್ತು.

ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಎಚ್ಚರಿಸಿದರು. ಒಂಟಿಯಾದವರು ಸಾಂತ್ವನ ಹುಡುಕಿ ಬರುವುದು ಧರ್ಮಗುರುವಿನ ಬಳಿಗೆ. ಆದರೆ ಆ ಗುರುವಿಗೆ ತನ್ನ ಖಿನ್ನತೆಯನ್ನು ಹೇಳಿಕೊಳ್ಳಲು ಜಾಗವಿಲ್ಲ. ಹೇಳಿಕೊಂಡರೆ ಅದು ನಂಬಿಕೆಯ ಕೊರತೆಯೆನಿಸುತ್ತದೆ, ಅಥವಾ ಅಯೋಗ್ಯತೆಯೆನಿಸುತ್ತದೆ.

ವಲಸೆ ಬಂದ ಸಭಾಪಾಲಕರಿಗೆ ಈ ಮೌನದ ಬೆಲೆ ಇನ್ನೂ ಹೆಚ್ಚು. ಆರ್-1 ವೀಸಾದಲ್ಲಿ ಬಂದವರು ಹೆಚ್ಚೆಂದರೆ ಐದು ವರ್ಷ ಉಳಿಯಬಹುದು. ಅವರ ಕಾನೂನುಬದ್ಧ ವಾಸ ಕರೆಸಿಕೊಂಡ ಸಂಸ್ಥೆಯ ಕೆಲಸಕ್ಕೆ ಕಟ್ಟುಬಿದ್ದಿರುತ್ತದೆ. ಹಿಂದೂ ದೇವಾಲಯಗಳ ಅರ್ಚಕರೂ ಬರುವುದು ಇದೇ ವೀಸಾದಲ್ಲಿ. ಹಸಿರು ಚೀಟಿಯ ಸರದಿ ಉದ್ದವಾದಾಗ ನ್ಯೂಜೆರ್ಸಿಯ ಪ್ಯಾಟರ್ಸನ್ ಕ್ಯಾಥೊಲಿಕ್ ಧರ್ಮಪ್ರಾಂತ್ಯವೂ ಅದರ ಐವರು ಗುರುಗಳೂ 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ವಿರುದ್ಧ ದಾವೆ ಹೂಡಿದರು. ಆಡಳಿತ ಮಂಡಳಿಯ ಒಂದು ಕಾಗದದಿಂದ ದೇಶವನ್ನೇ ಬಿಡಬೇಕಾದೀತೆಂದು ಅಂಜುವ ಮನುಷ್ಯ ‘ನನಗೆ ನಿದ್ದೆ ಬರುತ್ತಿಲ್ಲ’ ಎಂದು ಅದೇ ಮಂಡಳಿಗೆ ಹೇಗೆ ಹೇಳಿಯಾನು? ಇದು ಅಧ್ಯಾತ್ಮದ ಪ್ರಶ್ನೆಯಷ್ಟೇ ಅಲ್ಲ, ದುಡಿಮೆಯ ಹಕ್ಕಿನ ಪ್ರಶ್ನೆ.

ತಲೆಮಾರಿನ ಪ್ರಶ್ನೆಯ ಬೇರೂ ಇಲ್ಲಿಯೇ ಇದೆ. ಏಷ್ಯನ್ ಮೂಲದ ಚರ್ಚುಗಳಿಂದ ಎರಡನೆಯ ತಲೆಮಾರು ಸದ್ದಿಲ್ಲದೆ ಹೊರನಡೆಯುವುದನ್ನು 1996ರಲ್ಲೇ ‘ಮೌನ ನಿರ್ಗಮನ’ ಎಂದು ಕರೆಯಲಾಯಿತು. ಹಿರಿಯರಿಗೆ ಚರ್ಚು ಬಿಟ್ಟುಬಂದ ಊರಿನ ಗುರುತು, ತಾಯ್ನುಡಿ ಕೇಳಿಸುವ ಜಾಗ. ಮಕ್ಕಳ ಪ್ರಶ್ನೆಗಳೇ ಬೇರೆ: ಹೆಣ್ಣು ಬಲಿಪೀಠದ ಮುಂದೆ ಏಕೆ ನಿಲ್ಲಬಾರದು? ಕ್ರಿಸ್ತನ ಮನೆಯೊಳಗೂ ಜಾತಿ ಏಕೆ? ದಕ್ಷಿಣ ಭಾರತ ಸಭೆ ರೂಪುಗೊಂಡದ್ದು 1947ರಲ್ಲಿ; ಅದಕ್ಕೆ ಮೊದಲ ಮಹಿಳಾ ಬಿಷಪ್ ಆಗಿ ಪುಷ್ಪಲಲಿತಾ ಅವರು ಬಂದದ್ದು 2013ರಲ್ಲಿ. ಅರವತ್ತಾರು ವರ್ಷ ಕಾಯುವ ತಾಳ್ಮೆ ಇಂದಿನ ಮಕ್ಕಳಿಗಿಲ್ಲ. ಹಿರಿಯರ ಸಿಟ್ಟಿಗೂ ಕಿರಿಯರ ನಿರಾಸೆಗೂ ನಡುವೆ ನಿಂತು ಸವೆಯುವವರು ಮತ್ತದೇ ಸಭಾಪಾಲಕರು.

ಹೊಣೆ ಹಂಚಿಕೊಳ್ಳುವುದು ಕನ್ನಡ ಕ್ರೈಸ್ತರಿಗೆ ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಾಡು ಬಿಡಬೇಕಾಯಿತು. ಆಗ ಸಭೆಗಳನ್ನು ಉಳಿಸಿಕೊಂಡವರಲ್ಲಿ ಸ್ಥಳೀಯ ಬೋಧಕರು, ಉಪಾಧ್ಯಾಯರು, ಸಭೆಯ ಹಿರಿಯರು ಮುಖ್ಯರು. ಅಂದು ಯುದ್ಧ ಕಲಿಸಿದ ಪಾಠವನ್ನು ಇಂದು ವಿವೇಕದಿಂದಲೇ ಕಲಿಯಬಹುದು.

ಕ್ವೇಕರರಲ್ಲಿ ಇನ್ನೊಂದು ಪದ್ಧತಿಯಿದೆ. ಕವಲುದಾರಿಯಲ್ಲಿ ನಿಂತವರ ಸುತ್ತ ಕೆಲವರು ಕೂತು ಪ್ರಾಮಾಣಿಕ ಪ್ರಶ್ನೆಗಳನ್ನು ಮಾತ್ರ ಕೇಳುತ್ತಾರೆ, ಬುದ್ಧಿ ಹೇಳುವುದಿಲ್ಲ. ಹಾಗೆಂದು ಅವರದು ಒಡಕಿಲ್ಲದ ಸಭೆಯೂ ಅಲ್ಲ. ಹಿಕ್ಸರ ವಿಚಾರಗಳ ಸುತ್ತ, ಹಿರಿಯರ ಅಧಿಕಾರದ ಸುತ್ತ ಎದ್ದ ವಿವಾದದಲ್ಲಿ ನ್ಯೂಯಾರ್ಕಿನ ಕ್ವೇಕರರು 1828ರಲ್ಲಿ ಎರಡಾದರು. ಮತ್ತೆ ಒಂದಾದದ್ದು 1955ರಲ್ಲಿ. ಕೇಳಿಸಿಕೊಳ್ಳುವುದನ್ನೇ ಸಾಧನೆಯಾಗಿಸಿಕೊಂಡವರೂ ಕೇಳಿಸಿಕೊಳ್ಳದೆ ಹೋದಾಗ ತೆತ್ತ ಬೆಲೆ 127 ವರ್ಷ.

ಆದ್ದರಿಂದ ಪ್ರಾರ್ಥನೆಯ ಜೊತೆಗೆ ಕೆಲವು ನಿಯಮಗಳೂ ಬೇಕು. ಸಭಾಪಾಲಕರಿಗೆ ವಾರದಲ್ಲೊಂದು ದಿನದ ಬಿಡುವು ಒಪ್ಪಂದದಲ್ಲೇ ಇರಲಿ. ಆಪ್ತಸಮಾಲೋಚನೆಯ ಖರ್ಚು ಸಭೆಯದಾಗಲಿ, ಅಲ್ಲಿ ಆಡಿದ ಮಾತು ಮಂಡಳಿಯ ಕಿವಿಗೆ ಬೀಳದಿರಲಿ. ಆತ್ಮಹತ್ಯೆಯ ಯೋಚನೆ ಬಂದವರಿಗೆ ಅಮೆರಿಕದಲ್ಲಿ 988, ಭಾರತದಲ್ಲಿ ಟೆಲಿ-ಮಾನಸ್‌ನ 14416 ಇವೆಯೆಂದು ಪೀಠದಿಂದಲೇ ಹೇಳಲಿ. ಪೀಠದಲ್ಲಿ ನಿಂತವರಿಗೂ ಅವು ಅನ್ವಯಿಸುತ್ತವೆ. ಯುವಕ ಯುವತಿಯರನ್ನು ಗಾಯನವೃಂದಕ್ಕಷ್ಟೇ ಕರೆಯದೆ, ಹಣಕಾಸಿನ ತೀರ್ಮಾನದಲ್ಲಿ ಅವರಿಗೂ ಮತ ಕೊಡಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ದೇವಶಾಸ್ತ್ರ ಬೇಕಿಲ್ಲ; ಮುಂದಿನ ಸಭಾಸಮಿತಿಯ ಒಂದು ನಿರ್ಣಯ ಸಾಕು.