ಸಬ್‌ವೂಫರ್ ಕೊಳ್ಳೋ ಮುಂಚೆ ಓಮ್ ಲೆಕ್ಕ ಹಾಕಿ

ಇವತ್ತಿನ ವಿಷಯ ಕಾರಿನ ಡಿಕ್ಕಿಯಲ್ಲಿ ಕೂರೋ ಸಬ್‌ವೂಫರ್. ಬೆಂಗಳೂರಿನ ಜೆ.ಸಿ. ರಸ್ತೆಯ ಆಕ್ಸೆಸರೀಸ್ ಅಂಗಡಿಗಳಲ್ಲಿ ನಾವೆಲ್ಲ ಮೊದಲು ಕೇಳೋದು "ಎಷ್ಟು ವ್ಯಾಟ್ಸ್ ಅಣ್ಣಾ?" ಅಂತ. ಮೊದಲು ಕೇಳಬೇಕಾದ್ದು "ಎಷ್ಟು ಓಮ್?" ಅಂತ.

ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡೋ ತಡೆಯ ಅಳತೆ. ತಡೆ ಕಮ್ಮಿಯಾದಷ್ಟೂ ಆಂಪ್ಲಿಫೈಯರ್‌ನಿಂದ ಹೆಚ್ಚು ಕರೆಂಟ್ ಹರಿಯುತ್ತೆ. ಪವರ್ ಏರುತ್ತೆ, ಜೊತೆಗೆ ಬಿಸಿಯೂ ಏರುತ್ತೆ. ಹಾಗಾಗಿ ಪ್ರತಿ ಆಂಪ್‌ಗೂ ಒಂದು ಕನಿಷ್ಠ ಓಮ್ ಇರುತ್ತೆ. ಅದಕ್ಕಿಂತ ಕೆಳಗೆ ಇಳಿಸಿದರೆ ಪ್ರೊಟೆಕ್ಟ್ ಲೈಟ್ ಹತ್ತಿ ಹಾಡು ನಿಲ್ಲಬಹುದು. ಅದೃಷ್ಟ ಕೆಟ್ಟಿದ್ದರೆ ಆಂಪೇ ಸುಟ್ಟುಹೋಗುತ್ತೆ.

ಈಗ ಗೊಂದಲ ಆಗೋ ಜಾಗಕ್ಕೆ ಬರೋಣ. ಡಬಲ್ ವಾಯ್ಸ್ ಕಾಯಿಲ್ ಸಬ್‌ವೂಫರ್‌ನಲ್ಲಿ ಎರಡು ಕಾಯಿಲ್, ನಾಲ್ಕು ಟರ್ಮಿನಲ್. ಅದರ ಮೇಲೆ "4 ಓಮ್ + 4 ಓಮ್" ಅಂತ ಬರೆದಿದೆ ಅಂದ್ಕೊಳ್ಳಿ. ಎರಡೂ ಕಾಯಿಲ್ ಬಳಸಿದರೆ ಅದು ಆಂಪ್‌ಗೆ 4 ಓಮ್ ಆಗಿ ಕಾಣೋದೇ ಇಲ್ಲ!

ಮೊದಲ ಕಾಯಿಲ್‌ನ ಮೈನಸ್ಸನ್ನು ಎರಡನೇದರ ಪ್ಲಸ್‌ಗೆ ಸೇರಿಸಿ, ಉಳಿದ ಎರಡು ತುದಿಗಳನ್ನು ಆಂಪ್‌ಗೆ ಕೊಟ್ಟರೆ ಅದು ಸೀರೀಸ್. ಒಂದರ ಹಿಂದೆ ಒಂದು ಗೇಟ್ ದಾಟಿದ ಹಾಗೆ, ತಡೆ ಕೂಡುತ್ತೆ: 8 ಓಮ್. ಎರಡೂ ಪ್ಲಸ್ ಒಟ್ಟಿಗೆ, ಎರಡೂ ಮೈನಸ್ ಒಟ್ಟಿಗೆ ಸೇರಿಸಿದರೆ ಪ್ಯಾರಲಲ್. ಅಕ್ಕಪಕ್ಕ ಎರಡು ಗೇಟ್ ತೆರೆದ ಹಾಗೆ, ತಡೆ ಅರ್ಧ ಆಗುತ್ತೆ: 2 ಓಮ್. "2 + 2" ಸಬ್ ಆದರೆ ಸೀರೀಸ್‌ನಲ್ಲಿ 4, ಪ್ಯಾರಲಲ್‌ನಲ್ಲಿ 1. ಒಂದು ಕಾಯಿಲ್‌ನ ಪ್ಲಸ್ ಮೈನಸ್ ಅದಲುಬದಲಾದರೆ ಎರಡೂ ಒಂದಕ್ಕೊಂದು ವಿರುದ್ಧ ಎಳೆದಾಡಿ ಬೇಸ್ ಸತ್ತೇ ಹೋಗುತ್ತೆ.

"4 + 4" ಸಬ್‌ಗಳು ಎರಡಿದ್ದರೆ? ಪ್ರತಿಯೊಂದನ್ನೂ ಸೀರೀಸ್ ಮಾಡಿ 8 ಮಾಡಿ, ಆಮೇಲೆ ಎರಡು ಸಬ್‌ಗಳನ್ನು ಪ್ಯಾರಲಲ್ ಮಾಡಿ: ಒಟ್ಟು 4 ಓಮ್. ಎಲ್ಲ ಕಾಯಿಲ್‌ಗಳನ್ನೂ ಪ್ಯಾರಲಲ್ ಮಾಡಿದರೆ 1 ಓಮ್. ಅದೇ ಸಬ್, ಅದೇ ವೈರ್, ಆಂಪ್ ಮೇಲಿನ ಹೊರೆ ಮಾತ್ರ ನಾಲ್ಕು ಪಟ್ಟು.

ಇನ್ನೊಂದು ಬಲೆ ಬ್ರಿಡ್ಜ್ ಮಾಡೋದು. ಎರಡು ಚಾನೆಲ್ ಸೇರಿಸಿ ಒಂದೇ ಸಬ್ ಓಡಿಸಿದಾಗ ಪ್ರತಿ ಚಾನೆಲ್‌ಗೂ ಅರ್ಧ ಓಮ್ ಮಾತ್ರ ಕಾಣುತ್ತೆ. ಹಾಗಾಗಿ "2 ಓಮ್ ಸ್ಟೇಬಲ್" ಅಂತ ಬರೆದಿರೋ ಆಂಪ್ ಬ್ರಿಡ್ಜ್‌ನಲ್ಲಿ ಸಾಮಾನ್ಯವಾಗಿ 4 ಓಮ್‌ಗಿಂತ ಕೆಳಗೆ ಇಳಿಯೋ ಹಾಗಿಲ್ಲ. ಮ್ಯಾನ್ಯುಯಲ್‌ನಲ್ಲಿ ಬ್ರಿಡ್ಜ್ ಸಾಲನ್ನು ಬೇರೆಯಾಗೇ ನೋಡಿ.

"ಓಮ್ ಇಳಿಸಿದರೆ ಪುಕ್ಕಟೆ ವ್ಯಾಟ್ಸ್" ಅಂತ ಯಾರಾದರೂ ಹೇಳಿದರೆ, ನಾನು ಕಾಮರ್ಸ್ ಓದಿದವನು, ಲಾಭ-ನಷ್ಟ ಕೇಳ್ತೀನಿ. ಪವರ್ ದುಪ್ಪಟ್ಟಾದರೆ ಸಿಗೋದು 3 ಡೆಸಿಬಲ್ ಅಷ್ಟೇ. ಕಿವಿಗೆ ಸದ್ದು ದುಪ್ಪಟ್ಟು ಅನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಪವರ್. 500 ವ್ಯಾಟ್ ಹೊರಗೆ ಕೊಡೋ ಕ್ಲಾಸ್ ಡಿ ಆಂಪ್ ಪೂರ್ತಿ ಜೋರಲ್ಲಿ ಬ್ಯಾಟರಿ ಕಡೆಯಿಂದ ಸುಮಾರು 45 ಆಂಪಿಯರ್ ಎಳೆಯಬಹುದು. ಸಣ್ಣ ವೈರ್ ಇದ್ದರೆ ಅದು ಬಿಸಿಯಾಗಿ ಕರಗುತ್ತೆ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಲಿ. ಅದು ಕಾಯೋದು ಆಂಪನ್ನಲ್ಲ, ವೈರನ್ನು. ಅಂದರೆ ಕಾರಿಗೆ ಬೆಂಕಿ ಹತ್ತದ ಹಾಗೆ.

ವೈರಿಂಗ್ ಮುಗಿದ ಮೇಲೆ, ಆಂಪ್‌ಗೆ ಸಿಕ್ಕಿಸೋ ಮುಂಚೆ, ಸಬ್‌ನ ಎರಡು ತುದಿಗೆ ಮಲ್ಟಿಮೀಟರ್ ಇಡಿಸಿ. ಬರೆದಿರೋ ಓಮ್‌ಗಿಂತ ಸ್ವಲ್ಪ ಕಮ್ಮಿ ತೋರಿಸುತ್ತೆ, 4 ಇದ್ದರೆ ಮೂರೂವರೆ ಆಸುಪಾಸು. ಅದು ಸರಿಯೇ. ಒಂದೂಮುಕ್ಕಾಲು ತೋರಿಸಿದರೆ ನಿಲ್ಲಿಸಿ, ಜೋಡಣೆ ಪ್ಯಾರಲಲ್ ಆಗಿದೆ.

ಮೊದಲು ಆಂಪ್‌ನ ಕನಿಷ್ಠ ಓಮ್ ಓದಿ, ಆಮೇಲೆ ಅದಕ್ಕೆ ಹೊಂದೋ ಸಬ್ ಆರಿಸಿ. ಈ ಎಪಿಸೋಡ್‌ನ್ನು ಹೊಸ ಕಾರು ತಗೊಂಡಿರೋ ಗೆಳೆಯನಿಗೆ ಕಳಿಸಿ. ಮುಂದಿನ ವಾರ ಸಿಗೋಣ.